ಒಂಬತ್ತು ದಿನದ ಪೀಠ

ಬಜೆಯ ವಾಸನೆಯನ್ನು ನಾನು ಮರೆತು ಬಹಳ ಕಾಲವಾಗಿತ್ತು. ಹಿಂದೆ ನಮ್ಮ ಮನೆಗಳಲ್ಲಿ ಓಲೆಗರಿಯ ಕಟ್ಟುಗಳಿಗೂ ಹಳೆಯ ಪುಸ್ತಕಗಳಿಗೂ ಹುಳು ಹತ್ತದಿರಲೆಂದು ಒಣಗಿದ ಬಜೆಯ ಬೇರನ್ನು ನಡುವೆ ಇಡುತ್ತಿದ್ದರು. ಅದೇ ಬೇರನ್ನು ತೇದು ಹಸುಗೂಸಿನ ನಾಲಗೆಗೆ ಸವರುವುದೂ ಇತ್ತು, ಮಗುವಿಗೆ ಮಾತು ಶುದ್ಧವಾಗಿ ಬರಲೆಂದು. ಕಾರವೂ ಕಹಿಯೂ ಬೆರೆತ ಆ ವಾಸನೆ ಕಳೆದ ಆಷಾಢದ ಒಂದು ಬೆಳಿಗ್ಗೆ ನನ್ನ ಮನೆಯ ಜಗಲಿಗೇ ಬಂತು.

ನಂಗಲಿಯ ಕಡೆಯಿಂದ ಬಂದ ಟೆಂಪೊ ಒಂದು ಬಾಗಿಲ ಮುಂದೆ ನಿಂತಿತು. ಐವತ್ತು ದಾಟಿದ ಒಬ್ಬಾತ ಇಳಿದು, ಹರಿದ ಫ್ಲೆಕ್ಸ್ ಬ್ಯಾನರಿನಲ್ಲಿ ಸುತ್ತಿದ ಭಾರದ ವಸ್ತುವನ್ನು ಎದೆಗವಚಿಕೊಂಡು ತಂದು ಜಗಲಿಯ ಮೇಲಿಟ್ಟ. ಉಗುರುಸಂದಿಯಲ್ಲಿ ಟೈರಿನ ಕಪ್ಪು. ಮುಖವನ್ನು ನೋಡಿದೊಡನೆ ಗುರುತು ಹತ್ತಿತು. ನನ್ನ ಮೇಷ್ಟರು ದತ್ತು ತೆಗೆದುಕೊಂಡಿದ್ದ ಅವರ ತಮ್ಮನ ಮಗ.

"ದೇವಸ್ಥಾನಕ್ಕೆ ಗ್ರಾನೈಟ್ ಹಾಕಿಸಿದ್ರು ಸಾರ್. ಇದನ್ನ ಎತ್ತಿ ನೀರಿನ ಟ್ಯಾಂಕ್ ಪಕ್ಕ ಬಿಸಾಕಿದ್ರು. ಮಳೇಲಿ ನೆನೀತಾ ಬಿದ್ದಿತ್ತು, ನೋಡಕ್ಕಾಗ್ಲಿಲ್ಲ, ತಂದ್ಬಿಟ್ಟೆ" ಎಂದ.

"ನಿನ್ನ ಮನೇಲೇ ಇಟ್ಕೋಬಹುದಿತ್ತಲ್ಲಪ್ಪ" ಎಂದೆ.

"ನನ್ ಅಂಗ್ಡೀಲಿ ಟೈರಿಗೇ ಜಾಗ ಇಲ್ಲ. ಅಲ್ದೆ ಇದ್ರ ಮೇಲೆ ಕೂತು ನಾನು ಬೆವರಿದ್ದು ಸಾಕು ಸಾರ್. ಇದು ಯಾರಿಗೆ ಸೇರ್ಬೇಕು ಅಂತ ಬರ್ಕೊಟ್ಟೋರು ನೀವೇ ತಾನೇ? ನಿಮ್ಮತ್ರಾನೇ ಇರ್ಲಿ."

ಅವನ ದನಿಯಲ್ಲಿ ದ್ವೇಷವಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು. ಕಾಫಿ ಕುಡಿದು, ಕಾಲಿಗೆರಗಿ, ಅಂಗಡಿಯಲ್ಲಿ ಲಾರಿಯವರು ಕಾಯುತ್ತಿರುತ್ತಾರೆಂದು ಹೊರಟುಹೋದ. ನಾನು ಬ್ಯಾನರನ್ನು ಬಿಚ್ಚಿದೆ. ಹಲಸಿನ ಮರದ ಪೀಠ. ನೆಲದಿಂದ ಒಂದು ಗೇಣು ಎತ್ತರ, ಕುಳಿತವರ ಮುಂದೆ ಪುಸ್ತಕವಿಡಲು ಇಳಿಜಾರಾದ ಹಲಗೆ, ಆ ಹಲಗೆಯ ಕೆಳಗೊಂದು ಪುಟ್ಟ ಸೆಳೆಖಾನೆ. ಅದನ್ನೆಳೆದಾಗ ಪುಡಿಯಾಗಿ ಉಳಿದಿದ್ದ ಬಜೆ ಮೂಗಿಗೆ ಬಡಿಯಿತು. ನಾನು ಅಲ್ಲೇ ಕಂಬಕ್ಕೊರಗಿ ಕುಳಿತುಬಿಟ್ಟೆ...

ಮುಳಬಾಗಿಲಿನ ಹೈಸ್ಕೂಲಿನಲ್ಲಿ ಅವರು ನಮಗೆ ಚರಿತ್ರೆಯ ಮೇಷ್ಟರು. ಕಚ್ಚೆಪಂಚೆ, ಮುಚ್ಚುಕೋಟು, ಹಣೆಯಲ್ಲಿ ಗಂಧದ ಬೊಟ್ಟು. ಪಾಠಶಾಲೆಯಲ್ಲಿ ಸೂರ್ಯವಂಶ ಚಂದ್ರವಂಶಗಳನ್ನು ಬಾಯಿಪಾಠ ಮಾಡಿ ಹೈಸ್ಕೂಲಿಗೆ ಬಂದಿದ್ದ ನನಗೆ ಮೂರನೆಯದೊಂದು ವಂಶವಿದೆಯೆಂದು ತಿಳಿದದ್ದು ಅವರಿಂದ. ಇಂಗ್ಲೆಂಡಿನ ಟ್ಯೂಡರ್ ವಂಶ. ಅವರಿಗೆ ಆ ವಂಶದ ಮೇಲೆ ಏಕೆ ಅಷ್ಟು ಮೋಹವಿತ್ತೋ ಅರಿಯೆ. ಪರೀಕ್ಷೆಗೆ ಎರಡು ಅಂಕಕ್ಕೆ ಬರುವ ಪಾಠವನ್ನು ಎರಡು ವಾರ ಮಾಡುತ್ತಿದ್ದರು.

ಕಪ್ಪುಹಲಗೆಯ ಮೇಲೆ ವಂಶವೃಕ್ಷವನ್ನು ಬರೆಯುವರು. ಗಂಡುಮಕ್ಕಳದ್ದು ಬಿಳಿಯ ಸೀಮೆಸುಣ್ಣ, ಹೆಣ್ಣುಮಕ್ಕಳದ್ದು ಗುಲಾಬಿ. ನಡುವೆ ಆರು ಮದುವೆಯಾದ ಆ ದೊರೆ. ತೀರಿಕೊಂಡ ಅಣ್ಣನ ಹೆಂಡತಿಯನ್ನೇ ಅವನು ಮೊದಲು ಮದುವೆಯಾಗಿದ್ದ. ಆಕೆಗೆ ಉಳಿದದ್ದು ಒಂದೇ ಹೆಣ್ಣುಮಗು. ಸುಮಾರು ಇಪ್ಪತ್ತು ವರ್ಷ ಸಂಸಾರ ಮಾಡಿದ ಮೇಲೆ ದೊರೆಗೆ ಧರ್ಮಸಂಕಟ ಹುಟ್ಟಿತು. ಅವರ ಧರ್ಮಗ್ರಂಥದಲ್ಲಿ ಅಣ್ಣನ ಹೆಂಡತಿಯನ್ನು ಕೂಡಬಾರದೆಂಬ ವಚನವೂ ಇತ್ತು. ಮಕ್ಕಳಿಲ್ಲದೆ ಸತ್ತ ಅಣ್ಣನ ಹೆಂಡತಿಯನ್ನು ತಮ್ಮನು ಮದುವೆಯಾಗಬೇಕೆಂಬ ವಚನವೂ ಇತ್ತು. ದೊರೆ ಮೊದಲನೆಯದನ್ನು ಮಾತ್ರ ಹಿಡಿದುಕೊಂಡು, ದೇಶದೇಶದ ವಿದ್ಯಾಪೀಠಗಳಿಗೆ ಆಳು ಕಳುಹಿಸಿ ಪಂಡಿತರಿಂದ ಅಭಿಪ್ರಾಯ ಬರೆಸಿ ತರಿಸಿದ. ಇಲ್ಲಿಗೆ ಬಂದಾಗ ಮೇಷ್ಟರು ಸೀಮೆಸುಣ್ಣವನ್ನು ಕೆಳಗಿಟ್ಟು ನಮ್ಮ ಕಡೆ ತಿರುಗುತ್ತಿದ್ದರು.

"ದೊರೆಗೆ ಬೇಕು ಅಂದ್ಮೇಲೆ ವಚನ ಸಿಗದೆ ಇರತ್ತೇನ್ರೋ? ಹುಡುಕಿಕೊಡೋ ಪಂಡಿತ ಒಬ್ಬ ಇದ್ರೆ ಸಾಕು. ಅವನಿಗೆ ಒಂದು ಶಾಲು ಹೊದಿಸಿದ್ರೆ ಇನ್ನೊಂದು ವಚನ ಮರ್ತೇ ಹೋಗತ್ತೆ."

ತರಗತಿಯೆಲ್ಲ ನಗುತ್ತಿತ್ತು. ಎರಡನೆಯ ಬೆಂಚಿನಲ್ಲಿ ಕುಳಿತು ನಾನೂ ನಕ್ಕಿದ್ದೆ.

ಆಮೇಲೆ ಒದ್ದೆ ಬಟ್ಟೆಯ ಸರದಿ. ದೊರೆ ಮೊದಲ ಮಗಳನ್ನು ವಾರಸಿಕೆಯಿಂದ ತೆಗೆದುಹಾಕಿದನೆಂದು ಗುಲಾಬಿ ಹೆಸರೊಂದನ್ನು ಒರಸುವರು. ಎರಡನೆಯ ಹೆಂಡತಿಯ ತಲೆ ಹೋಯಿತು, ಅವಳ ಮಗಳದ್ದೂ ಒರಸುವರು. ಮೂರನೆಯವಳು ಗಂಡು ಹೆತ್ತು ಹಾಸಿಗೆಯಲ್ಲೇ ತೀರಿಕೊಂಡಳು. ಬಿಳಿಯ ಹೆಸರು ಬಂತು. ಸಾಯುವ ಮುನ್ನ ದೊರೆಗೆ ಏನನ್ನಿಸಿತೋ, ಹೆಣ್ಣುಮಕ್ಕಳಿಬ್ಬರನ್ನೂ ಮರಳಿ ಸೇರಿಸಿದ. ಗುಲಾಬಿ ಮತ್ತೆ ಬಂತು. ಒಂಬತ್ತು ವರ್ಷದ ಹುಡುಗ ಪಟ್ಟವೇರಿ ಹದಿನೈದಕ್ಕೆ ಕೆಮ್ಮಿ ಕೆಮ್ಮಿ ಸತ್ತ. ಸಾಯುವಾಗ ಅಕ್ಕಂದಿರಿಬ್ಬರನ್ನೂ ಬಿಟ್ಟು ದಾಯಾದಿಯ ಮಗಳೊಬ್ಬಳಿಗೆ ರಾಜ್ಯ ಬರೆದ. ಆ ಹುಡುಗಿ ಒಂಬತ್ತು ದಿನ ರಾಣಿಯಾಗಿದ್ದಳು, ಕೊನೆಗೆ ಅವಳ ತಲೆಯೂ ಹೋಯಿತು. ಆಮೇಲೆ ಹಿರಿಯಕ್ಕ, ಅವಳ ನಂತರ ಕಿರಿಯಕ್ಕ, ನಲವತ್ತು ನಾಲ್ಕು ವರ್ಷ. ಅಷ್ಟು ಹೊತ್ತಿಗೆ ಹಲಗೆಯೆಲ್ಲ ಮಸುಕು.

"ಕೊನೇಗೆ ಉಳಿದಿದ್ದು ಯಾವ್ದ್ರೋ?" ಎಂದು ಕೇಳುವರು.

"ಗುಲಾಬಿ ಸಾರ್!" ಎಂದು ನಾವು ಕೂಗಬೇಕು. ಅದು ಅವರ ಪಾಠದ ಮಂಗಳ.

ಅವರ ಇನ್ನೊಂದು ವೃತ್ತಿ ಪುರಾಣ ಹೇಳುವುದು. ಬೈರಕೂರಿನ ಆಚೆಗಿನ ಅವರ ಹುಟ್ಟೂರಿನ ದೇವಸ್ಥಾನದಲ್ಲಿ ನವರಾತ್ರಿಯ ಒಂಬತ್ತು ಸಂಜೆ ಪುರಾಣಪಠನ ಮಾಡುವ ಹಕ್ಕು ಅವರ ಮನೆತನದ್ದು. ಎಷ್ಟು ತಲೆಮಾರಿನಿಂದ ಎಂದು ಯಾರಿಗೂ ತಿಳಿಯದು. ಸಂಭಾವನೆಯೆಂದರೆ ಒಂದು ಮೊರ ರಾಗಿ, ಒಂದು ತೆಂಗಿನಕಾಯಿ. ಆದರೆ ಆ ಹಲಸಿನ ಪೀಠದ ಮೇಲೆ ಕುಳಿತವನಿಗೆ ಆ ಒಂಬತ್ತು ದಿನ ಊರಿನ ಹಿರಿಯರೂ ತಲೆಬಾಗುತ್ತಿದ್ದರು. ತಂದೆಯಿಂದ ಮಗನಿಗೆ ಬರುತ್ತಿದ್ದ ಪೀಠ ಅದು. ಮೇಷ್ಟರಿಗೆ ಮಗನಿರಲಿಲ್ಲ. ಒಬ್ಬಳೇ ಮಗಳು. ಹೆಂಡತಿ ಬಾಣಂತಿತನದಲ್ಲೇ ತೀರಿಕೊಂಡಿದ್ದರು. ಮತ್ತೆ ಮದುವೆಯಾಗೆಂದು ತಾಯಿ ಎಷ್ಟು ಹೇಳಿದರೂ ಅವರು ಒಪ್ಪಲಿಲ್ಲ. "ಆ ದೊರೆ ಆರು ಆದ, ಏನು ಸುಖಪಟ್ಟ? ನಂಗೊಂದು ಸಾಕಮ್ಮ" ಎಂದು ನಗುತ್ತಿದ್ದರಂತೆ.

ನಾನು ಸಂಸ್ಕೃತವನ್ನೂ ಧರ್ಮಶಾಸ್ತ್ರವನ್ನೂ ಓದಿ ಮುಗಿಸಿ ಅದೇ ಶಾಲೆಗೆ ಸಂಸ್ಕೃತ ಪಂಡಿತನಾಗಿ ಮರಳಿದಾಗ ಆ ಮಗಳು ನನ್ನ ತರಗತಿಗೆ ಬಂದಳು. ಅಂಥ ಬುದ್ಧಿಯನ್ನು ನಾನು ಆಮೇಲೆ ಕಂಡಿಲ್ಲ. ಒಂದು ಶ್ಲೋಕಕ್ಕೆ ಎರಡು ಅರ್ಥ ಹೇಳಿದರೆ ಮೂರನೆಯದನ್ನು ಕೇಳುವಳು. ಶಾಸ್ತ್ರವಿಚಾರದಲ್ಲಿ ಮೊದಲು ಎದುರುಪಕ್ಷವನ್ನು ಪೂರ್ತಿಯಾಗಿ ಮುಂದಿಡಬೇಕು, ಅದು ಪೂರ್ವಪಕ್ಷ. ಅದಕ್ಕೆ ಉತ್ತರ ಹೇಳಿದ ಮೇಲೆಯೇ ನಮ್ಮ ಸಿದ್ಧಾಂತ. ಪೂರ್ವಪಕ್ಷವನ್ನು ನುಂಗಿದವನು ಪಂಡಿತನಲ್ಲ, ಕಳ್ಳ. ಇದನ್ನು ಅವಳಿಗೆ ಕಲಿಸಿದವನು ನಾನೇ. ಮನೆಯಲ್ಲಿ ತಂದೆ ಹೇಳುವ ಪುರಾಣವನ್ನು ಕೇಳಿ ಕೇಳಿ ಅವಳಿಗೆ ಅದೂ ಕಂಠಗತವಾಗಿತ್ತು.

ಅವಳಿಗೆ ಇಪ್ಪತ್ತೊಂದು ಆಗಿದ್ದ ವರ್ಷ, ನವರಾತ್ರಿಗೆ ನಾಲ್ಕು ದಿನವಿರುವಾಗ, ಮೇಷ್ಟರ ಗಂಟಲು ಕಟ್ಟಿತು. ಮಾತು ಹೊರಟರೆ ಗಾಳಿ ಮಾತ್ರ. ವೈದ್ಯರು ಬಾಯಿ ತೆರೆಯಬೇಡಿರೆಂದರು. ಪಠನ ನಿಂತರೆ ಅರಿಷ್ಟವೆಂದು ಊರು, ಯಾರನ್ನು ಕೂರಿಸುವುದೆಂದು ಮನೆ. ಕೊನೆಗೆ ಮೇಷ್ಟರೇ ಒಂದು ಉಪಾಯ ಮಾಡಿದರು. ತಾವು ಪೀಠದ ಮೇಲೆ ಕುಳಿತು ಪುಟ ತಿರುವುವುದು. ಹಿಂದೆ ಎರಡು ಕಂಬಗಳ ನಡುವೆ ಸೀರೆಯೊಂದನ್ನು ಪರದೆಯಾಗಿ ಕಟ್ಟಿ, ಅದರ ಮರೆಯಲ್ಲಿ ಮಗಳು ಕುಳಿತು ಓದಿ ಅರ್ಥ ಹೇಳುವುದು.

ನಾನು ಆ ಒಂಬತ್ತು ಸಂಜೆಯೂ ಹೋಗಿದ್ದೆ. ಮೊದಲ ದಿನ ಮೂವತ್ತು ಜನ. ಐದನೆಯ ದಿನಕ್ಕೆ ಮಂಟಪದಲ್ಲಿ ಜಾಗವಿಲ್ಲ. ಹೊಲದಿಂದ ನೇರವಾಗಿ ಬಂದ ಹೆಂಗಸರು ಟೊಮೇಟೊ ಕೊಯ್ದ ಕೈಯಲ್ಲೇ ಬಾಗಿಲ ಹೊರಗೆ ಕುಳಿತಿದ್ದರು. ತಂದೆ ಹೇಳುವಾಗ ಸಂಸ್ಕೃತ ಹೆಚ್ಚು. ಮಗಳು ಶ್ಲೋಕವನ್ನು ಓದಿ, ಅದನ್ನು ಆ ಊರ ಕನ್ನಡಕ್ಕೂ ತೆಲುಗಿಗೂ ಇಳಿಸಿ, ಮತ್ತೆ ಶ್ಲೋಕಕ್ಕೆ ಏರುತ್ತಿದ್ದಳು. ಒಂಬತ್ತನೆಯ ದಿನ ಮಂಗಳಕ್ಕೆ ಮುನ್ನ ಮುದುಕಿಯೊಬ್ಬಳು ಎದ್ದುಹೋಗಿ ಪರದೆಯನ್ನು ಪಕ್ಕಕ್ಕೆ ಸರಿಸಿಬಿಟ್ಟಳು.

"ಅಯ್ಯೋ ನಾ ತಲ್ಲೀ! ಅಮ್ನೋರೇ ಮಾತಾಡ್ತಾವ್ಳೆ ಅನ್ಕಂಡಿದ್ನಲ್ಲೇ, ನಮ್ ಮೇಷ್ಟ್ರು ಕೂಸಾ ನೀನು! ಈ ಗುಬ್ಬಚ್ಚಿ ಗೂಡ್ನಾಗೆ ಯಾಕೆ ಕುಂತಿದ್ದೀಯೇ, ಈಚೆ ಬಾ!"

ಮಂಟಪವೆಲ್ಲ ನಕ್ಕಿತು. ಮೇಷ್ಟರೂ ಶಬ್ದವಿಲ್ಲದೆ ನಕ್ಕರು. ಮರುಕ್ಷಣ ಅವರು ಪೀಠದಿಂದ ಇಳಿದು, ಮಗಳ ಕೈ ಹಿಡಿದು ತಂದು, ಅದರ ಮೇಲೆ ಕೂರಿಸಿದರು. ಮಂಗಳವನ್ನು ಅವಳು ಪೀಠದ ಮೇಲಿಂದಲೇ ಹೇಳಿದಳು. ಕಾಲುಗಂಟೆಯಿರಬಹುದು. ಮುಗಿದ ಮೇಲೆ ಮೇಷ್ಟರು ನನ್ನ ಕಿವಿಗೆ ಬಾಯಿಯಿಟ್ಟು ಪಿಸುಗುಟ್ಟಿದರು: "ನೋಡಿದ್ಯೇನೋ ಪಂಡಿತ? ನಮ್ಮ ಒಂಬತ್ತು ದಿನದ ರಾಣಿ!"

ಅವರಿಗೆ ಅದು ತಮಾಷೆ. ಆ ಒಂಬತ್ತು ದಿನದ ರಾಣಿಗೆ ಕೊನೆಗೆ ಏನಾಯಿತೆಂದು ಹಲಗೆಯ ಮೇಲೆ ಅಷ್ಟು ಸಲ ಬರೆದವರು ಅವರೇ. ಆ ಸಂಜೆ ಅವರಿಗೂ ನೆನಪಾಗಲಿಲ್ಲ, ನನಗೂ ಆಗಲಿಲ್ಲ.

ಊರಿನವರು ಯಾರೂ ಏನೂ ಅನ್ನಲಿಲ್ಲ. ಅಂದವರು ಮನೆಯವರು. ತಮ್ಮಂದಿರು ಬಂದು ಕುಳಿತರು. ಹೆಣ್ಣು ಪೀಠವೇರಿದರೆ ನಾಳೆ ಅವಳ ಗಂಡನ ಮನೆಯವರು ಬಂದು ಕೇಳುತ್ತಾರೆ, ಮನೆತನದ ಹಕ್ಕು ಗೋತ್ರ ಬಿಟ್ಟುಹೋಗುತ್ತದೆ ಎಂದರು. ಕೊನೆಯ ತಮ್ಮ ತನ್ನ ಹನ್ನೊಂದು ವರ್ಷದ ಮಗನನ್ನು ಜೊತೆಯಲ್ಲೇ ಕರೆತಂದಿದ್ದ, ದತ್ತು ಕೊಡಲು. ಹಾಸಿಗೆ ಹಿಡಿದಿದ್ದ ಮೇಷ್ಟರ ತಾಯಿ ಊಟ ಬಿಟ್ಟರು. "ನನ್ನ ಮಗನಿಗೆ ಪಿಂಡ ಹಾಕೋರಿಲ್ಲದೆ, ಪೀಠಕ್ಕೆ ಗಂಡಿಲ್ಲದೆ ನಾನು ಸಾಯಲಾರೆ" ಎಂಬುದೊಂದೇ ಮಾತು.

ಗಂಟಲು ಸ್ವಲ್ಪ ತೆರೆದ ಮೇಲೆ, ಕಾರ್ತಿಕದ ಒಂದು ಬೆಳಿಗ್ಗೆ, ಮೇಷ್ಟರು ನಮ್ಮ ಮನೆಗೆ ಬಂದರು. ಮಡಿಯುಟ್ಟು ಬಂದಿದ್ದರು. ಕೈಯಲ್ಲಿ ಫಲತಾಂಬೂಲದ ತಟ್ಟೆ. ನಾನು ಮಣೆ ಹಾಕಿದರೆ ಕೂರಲಿಲ್ಲ; ನನ್ನನ್ನು ಮಣೆಯ ಮೇಲೆ ಕೂರಿಸಿ, ತಾವು ಬರಿನೆಲದ ಮೇಲೆ ಕುಳಿತು ತಟ್ಟೆಯನ್ನು ಮುಂದಿಟ್ಟರು.

"ಇವತ್ತು ನಾನು ನಿನ್ನ ಮೇಷ್ಟ್ರಲ್ಲ. ಶಾಸ್ತ್ರ ಕೇಳೋಕೆ ಬಂದೋನು. ಗಂಡು ಸಂತಾನವಿಲ್ಲದ ಮನೇಲಿ ಪುರಾಣಪೀಠಕ್ಕೆ ಮಗಳು ಕೂರಬಹುದೋ, ದತ್ತುಮಗನನ್ನೇ ತಂದು ಕೂರಿಸಬೇಕೋ? ಏನಿದೆಯೋ ಅದನ್ನ ಬರೆದು ಕೊಡು. ಅಮ್ಮ ಶಾಸ್ತ್ರ ಹೇಳಿದ್ದನ್ನ ಒಪ್ಕೋತೀನಿ ಅಂದಿದ್ದಾಳೆ."

ಇಲ್ಲಿ ನಮ್ಮವರ ಪದ್ಧತಿಯೊಂದನ್ನು ಹೇಳಬೇಕು. ಶಾಸ್ತ್ರ ಕೇಳಲು ಬಂದವನು ತನಗೆ ಯಾವ ಉತ್ತರ ಬೇಕೆಂಬುದನ್ನು ಮುಖದಲ್ಲಿಯೂ ತೋರಿಸಬಾರದು. ತೋರಿಸಿದರೆ ಪ್ರಶ್ನೆ ಕೆಟ್ಟಿತು. ಹೇಳುವವನು ಬಂದವನ ಮುಖವನ್ನು ಓದಬಾರದು, ಗ್ರಂಥವನ್ನು ಓದಬೇಕು. ಮೇಷ್ಟರು ತಮ್ಮ ಭಾಗವನ್ನು ಚ್ಯುತಿಯಿಲ್ಲದೆ ಪಾಲಿಸಿದರು. ಅವರ ಮುಖ ಒರಸಿದ ಹಲಗೆಯಂತಿತ್ತು. ನಾನು ಪಾಲಿಸಲಿಲ್ಲ.

ನನಗಾಗ ಮೂವತ್ತಾರು. ನನಗೆ ಅಕ್ಷರದ ರುಚಿ ಹತ್ತಿಸಿದ ಗುರು ನನ್ನ ಮುಂದೆ ನೆಲದ ಮೇಲೆ ಕುಳಿತು ಕೈಮುಗಿದಿದ್ದಾರೆ. ಆ ಮದವನ್ನು ಏನೆಂದು ಹೇಳಲಿ... ನಾನು ಅವರ ಮನಸ್ಸನ್ನು ಅರಿತವನಂತೆ ಲೆಕ್ಕ ಹಾಕಿದೆ. ತಾಯಿ ಊಟ ಬಿಟ್ಟಿದ್ದಾರೆ. ಹುಡುಗ ಆಗಲೇ ಮನೆಗೆ ಬಂದಿದ್ದಾನೆ. ಮೇಷ್ಟರಿಗೆ ಬೇಕಾದದ್ದು ದತ್ತು ತೆಗೆದುಕೊಳ್ಳಲು ಒಂದು ಆಧಾರ. ಗುರುವಿನ ಮನಸ್ಸು ನೋಯಬಾರದು. ಮಗ ಇಲ್ಲದವನಿಗೆ ಮಗಳೇ ಮಗನ ಸಮಾನವೆಂಬ ವಚನ ನನಗೆ ಚೆನ್ನಾಗಿ ಗೊತ್ತಿತ್ತು. ಹೆಂಗಸರು ವಿದ್ಯೆಯ ಪೀಠದಲ್ಲಿ ಕುಳಿತು ವಾದಿಸಿದ ಪುರಾತನ ನಿದರ್ಶನಗಳೂ ಗೊತ್ತಿದ್ದವು. ಅವನ್ನು ಪೂರ್ವಪಕ್ಷವಾಗಿಯಾದರೂ ಬರೆಯಬೇಕಿತ್ತು. ಬರೆದರೆ ಮೇಷ್ಟರಿಗೆ ತೊಡಕಾಗುತ್ತದೆಂದು ಬಿಟ್ಟೆ. ದತ್ತಪುತ್ರನ ಪರವಾದ ವಚನಗಳನ್ನು ಮಾತ್ರ ಪೋಣಿಸಿ, ಮುದ್ದಾದ ಅಕ್ಷರದಲ್ಲಿ ಒಂದೂವರೆ ಪುಟ ಬರೆದೆ. ಕಾಗದದ ನಾಲ್ಕು ಮೂಲೆಗೂ ಅರಿಶಿನ ಹಚ್ಚಿದೆ.

ಮರುದಿನ ಅವರ ಮನೆಯ ನಡುಮನೆಯಲ್ಲಿ ಎಲ್ಲರ ಮುಂದೆ ಅದನ್ನು ಓದಿದೆ. ಹಾಸಿಗೆಯಲ್ಲಿದ್ದ ತಾಯಿ ಕೈಮುಗಿದು ಕೇಳಿದರು. ತಮ್ಮಂದಿರು ತಲೆದೂಗಿದರು. ಮೇಷ್ಟರು ಕಣ್ಣು ಮುಚ್ಚಿ ಕುಳಿತಿದ್ದರು. ಓದಿ ಮುಗಿಸಿ ಕಾಗದವನ್ನು ಮಡಚುವಾಗ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಮಗಳು ಮೆಲ್ಲಗೆ ಕೇಳಿದಳು:

"ಸಾರ್, ಪೂರ್ವಪಕ್ಷ ಎಲ್ಲಿ?"

ಅವಳ ಪ್ರಶ್ನೆಗೆ ಉತ್ತರವಿಲ್ಲದ ಪಂಡಿತನಿಗೆ ಉಳಿಯುವ ದಾರಿ ಒಂದೇ. ನಾನು ತಲೆಯೆತ್ತದೆ ಹೇಳಿದೆ: "ಹಿರಿಯರು ಕೂತಿರೋ ಕಡೆ ಹೆಣ್ಣುಮಕ್ಕಳು ಮಧ್ಯೆ ಮಾತಾಡಬಾರದಮ್ಮ."

ಅವಳು ಒಳಗೆ ಹೋಗಿ, ತಟ್ಟೆಯಲ್ಲಿ ಫಲ, ಅದರ ಮೇಲೊಂದು ಶಾಲು ಇಟ್ಟು ತಂದು ನನಗೆ ಕೊಟ್ಟು ನಮಸ್ಕಾರ ಮಾಡಿದಳು. ಶಾಲನ್ನು ಹೊದ್ದುಕೊಂಡೇ ನಾನು ಮನೆಗೆ ನಡೆದೆ. ದಾರಿಯಲ್ಲಿ ಎಲ್ಲಿಯೂ ನನಗೆ ಆ ತರಗತಿಯ ನಗು ಕೇಳಿಸಲಿಲ್ಲ. ಅದು ಕೇಳಿಸತೊಡಗಿದ್ದು ಬಹಳ ವರ್ಷಗಳ ಮೇಲೆ.

ದತ್ತುಸ್ವೀಕಾರ ಆಯಿತು. ತಾಯಿ ನೆಮ್ಮದಿಯಿಂದ ಕಣ್ಣು ಮುಚ್ಚಿದರು. ಮಗಳು ಶ್ರೀನಿವಾಸಪುರದ ಕಡೆ ಒಂದು ಶಾಲೆಯಲ್ಲಿ ಚರಿತ್ರೆಯ ಉಪಾಧ್ಯಾಯಿನಿಯಾಗಿ ಹೋದಳು, ಅಲ್ಲೇ ಮದುವೆಯೂ ಆಯಿತು. ನವರಾತ್ರಿಗೆ ಅವಳು ತಂದೆಯ ಊರಿಗೆ ಮತ್ತೆ ಬರಲಿಲ್ಲ.

ಮುಂದಿನ ನವರಾತ್ರಿಗೆ ಹುಡುಗನನ್ನು ಪೀಠದ ಮೇಲೆ ಕೂರಿಸಿದರು. ಪಾಪ, ಅವನದೇನು ತಪ್ಪು? ಆಟದ ಬಯಲಿನಿಂದ ಎತ್ತಿ ತಂದು ರೇಷ್ಮೆ ಪಂಚೆ ಸುತ್ತಿ ಕೂರಿಸಿದ ಮಗು. ಶ್ಲೋಕದಲ್ಲಿ ತೊದಲುವನು, ಬೆವರುವನು, ಅರ್ಥ ಹೇಳೆಂದರೆ ತಂದೆಯ ಮುಖ ನೋಡುವನು. ಮೇಷ್ಟರು ಪಿಸುಮಾತಿನಲ್ಲಿ ಹೇಳಿಕೊಡುವರು. ಆ ಪಿಸುಮಾತು ಎರಡನೆಯ ಸಾಲಿಗೂ ತಲುಪದು. ಮಂಟಪದಲ್ಲಿ ಜನ ಕಡಿಮೆಯಾಗುತ್ತ ಬಂದರು. ಪರದೆ ಸರಿಸಿದ್ದ ಮುದುಕಿ ಒಂದು ಸಂಜೆ ಎದ್ದುಹೋಗುವಾಗ ನನ್ನ ಮುಂದೆಯೇ ಹೇಳಿ ಹೋದಳು: "ಕೋಗಿಲೇನ ಓಡ್ಸಿ ಕೋಳಿಮರಿ ಕುಂಡ್ರಿಸವ್ರೆ. ಅದಕ್ಕೂ ಸುಖ ಇಲ್ಲ, ನಮ್ಗೂ ಸುಖ ಇಲ್ಲ." ನಾಲ್ಕು ನವರಾತ್ರಿ ನಡೆಯಿತು. ಐದನೆಯದಕ್ಕೆ ಹುಡುಗ ಕೂರುವುದಿಲ್ಲವೆಂದು ಹಟ ಹಿಡಿದು ನಂಗಲಿಯ ಗ್ಯಾರೇಜಿಗೆ ಓಡಿಹೋದ. ಅವನನ್ನು ಕರೆತಂದು ಬೈಯುವಾಗ ಅವನೆಂದ ಮಾತು ಇಂದಿಗೂ ನೆನಪಿದೆ: "ಎಲ್ಲಾರೂ ಶಾಸ್ತ್ರಾನ ಕೇಳಿದ್ರಿ. ನನ್ನನ್ನ ಯಾರು ಕೇಳಿದ್ರಿ?"

ಅಷ್ಟು ಹೊತ್ತಿಗೆ ಮೇಷ್ಟರ ಗಂಟಲಿನ ರೋಗಕ್ಕೆ ಹೆಸರು ಸಿಕ್ಕಿತ್ತು. ಕೋಲಾರದಲ್ಲಿ ಶಸ್ತ್ರಚಿಕಿತ್ಸೆಯಾಗಿ ದನಿ ಪೂರ್ತಿ ಹೋಯಿತು. ಮಕ್ಕಳ ಸ್ಲೇಟೊಂದನ್ನು ಹಾಸಿಗೆಯ ಪಕ್ಕ ಇಟ್ಟುಕೊಂಡಿದ್ದರು. ಬೇಕಾದದ್ದನ್ನು ಬಳಪದಲ್ಲಿ ಬರೆದು ತೋರಿಸಿ, ಅಂಗೈಯಿಂದ ಒರಸುವರು. ನಾನು ದಿನವೂ ಸಂಜೆ ಹೋಗಿ ಸಹಸ್ರನಾಮ ಹೇಳಿ ಬರುತ್ತಿದ್ದೆ. ಒಂದು ದಿನ ಅದು ಮುಗಿದ ಮೇಲೆ ಅವರು ಸ್ಲೇಟನ್ನು ಎಳೆದುಕೊಂಡು ಬರೆದರು. ಅಕ್ಷರ ಕಪ್ಪುಹಲಗೆಯ ಮೇಲಿನಷ್ಟೇ ದುಂಡಗೆ.

"ಆ ಇನ್ನೊಂದು ವಚನ ನಿನಗೆ ಗೊತ್ತಿರಲಿಲ್ಲವೆ?"

ಯಾವ ವಚನವೆಂದು ನಾನು ಕೇಳಲಿಲ್ಲ. ಸುಳ್ಳು ಹೇಳಬಹುದಿತ್ತು. ಸಹಸ್ರನಾಮ ಹೇಳಿದ ಬಾಯಿ ಇನ್ನೂ ಒಣಗಿರಲಿಲ್ಲ.

"ಗೊತ್ತಿತ್ತು" ಎಂದೆ.

ಅವರು ಸ್ಲೇಟನ್ನು ಒರಸಿದರು. ಮತ್ತೆ ಬರೆದರು: "ನೀನು ಅದನ್ನು ಹೇಳುವೆಯೆಂದೇ ನಿನ್ನಲ್ಲಿಗೆ ಬಂದಿದ್ದೆ. ನಾನು ಹೇಳಿದರೆ ಅಮ್ಮ ಕೇಳುತ್ತಿರಲಿಲ್ಲ. ಶಾಸ್ತ್ರ ಹೇಳಿದ್ದರೆ ಕೇಳುತ್ತಿದ್ದಳು."

ಅದನ್ನೂ ಒರಸಿ ಸ್ಲೇಟನ್ನು ಬೋರಲು ಹಾಕಿದರು.

ಗುರುನಿಂದೆ ಮಹಾಪಾತಕವೆಂದು ಬಲ್ಲೆ. ಆದರೂ ಈ ವಯಸ್ಸಿನಲ್ಲಿ ಒಂದು ಮಾತನ್ನು ಮುಚ್ಚಿಡಲಾರೆ. ಅವರೇಕೆ ಬಾಯಿಬಿಟ್ಟು ಹೇಳಲಿಲ್ಲ? ಆ ಕಾರ್ತಿಕದ ಬೆಳಿಗ್ಗೆ ಅವರಿಗೆ ಇನ್ನೂ ದನಿಯಿತ್ತು. ಅಷ್ಟು ವರ್ಷ ಆ ದೊರೆಯನ್ನೂ ಅವನ ಪಂಡಿತರನ್ನೂ ಹಲಗೆಯ ಮುಂದೆ ನಿಂತು ಗೇಲಿ ಮಾಡಿದ ಮನುಷ್ಯ, ತನ್ನ ಸ್ವಂತ ಮಗಳಿಗಾಗಿ ತಾಯಿಯ ಮುಂದೆ ಒಂದು ಮಾತಾಡಲಾರದೆ, ಪದ್ಧತಿಯ ಹಿಂದೆ ಅಡಗಿ ಕುಳಿತರು. ಆ ದೊರೆಗಾದರೂ ತನಗೇನು ಬೇಕೆಂದು ಕೂಗಿ ಹೇಳುವ ನಿರ್ಲಜ್ಜತನವಿತ್ತು. ಗುರುವಿನ ಮನಸ್ಸು ನೋಯಬಾರದೆಂದು ಶಿಷ್ಯ, ಪ್ರಶ್ನೆ ಕೆಡಬಾರದೆಂದು ಗುರು. ಇಬ್ಬರು ಮರ್ಯಾದಸ್ಥರ ನಡುವೆ ಒಬ್ಬ ಹುಡುಗಿಯ ಹೆಸರು ಒರಸಿಹೋಯಿತು. ಅದನ್ನು ಮತ್ತೆ ಬರೆಯುವ ಕಾಲವೂ ಆಮೇಲೆ ಬರಲಿಲ್ಲ.

ಅವರು ತೀರಿಕೊಂಡ ದಿನ ಮಗಳು ಶ್ರೀನಿವಾಸಪುರದಿಂದ ಬಂದಳು. ಬೆಂಕಿಯಿಟ್ಟವನು ದತ್ತುಮಗ. ಹೊಗೆಗೆ ಕಣ್ಣುಜ್ಜಿಕೊಳ್ಳುತ್ತ, ಮಂತ್ರಗಳಲ್ಲಿ ತಡವರಿಸುತ್ತ ಅವನು ಕ್ರಿಯೆ ಮುಗಿಸಿದ. ಅವಳು ಮನೆಯ ಬಾಗಿಲಿನಿಂದಾಚೆ ಬರಲಿಲ್ಲ. ಬರಬಾರದೆಂದು ಯಾರೂ ಹೇಳಬೇಕಾಗಲಿಲ್ಲ. ನಾವು ಮಸಣದಿಂದ ಮರಳಿದಾಗ ಅವಳು ಆ ಸ್ಲೇಟನ್ನು ಸೀರೆಯ ಸೆರಗಿನಲ್ಲಿ ಸುತ್ತಿಕೊಂಡು ಕುಳಿತಿದ್ದಳು. ಅದರಲ್ಲಿ ಏನೂ ಬರೆದಿರಲಿಲ್ಲ. ತಂದೆಯ ಸೊತ್ತಿನಲ್ಲಿ ಅವಳು ಕೇಳಿ ತೆಗೆದುಕೊಂಡು ಹೋದದ್ದು ಅದೊಂದನ್ನೇ...

ಈ ಪೀಠ ಮನೆಗೆ ಬಂದ ಮೂರನೆಯ ದಿನ ನಾನು ಅವಳಿಗೆ ಫೋನ್ ಮಾಡಿದೆ. ಈಗ ಅವಳು ಮಾಲೂರಿನಲ್ಲಿದ್ದಾಳೆ, ಕೆಲಸದಿಂದ ನಿವೃತ್ತಳಾಗಿ. ವರ್ಷಕ್ಕೊಮ್ಮೆ ಯುಗಾದಿಗೆ ಮಾತ್ರ ಫೋನಿನಲ್ಲಿ ನಮಸ್ಕಾರ ಹೇಳುವ ರೂಢಿ. ನಾನಾಗಿ ಮಾಡಿದ್ದು ಅದೇ ಮೊದಲು.

"ಪೀಠ ಬಂದಿದೆಯಮ್ಮ. ಇದು ನಿನ್ನದು. ಯಾರ ಕೈಲಾದ್ರೂ ಕಳಿಸಿಕೊಡ್ಲಾ?" ಎಂದೆ.

ಅತ್ತಕಡೆ ಎಲ್ಲೋ ಕುಕ್ಕರು ಕೂಗಿತು.

"ಈಗ ದೇವಸ್ಥಾನದಲ್ಲಿ ನವರಾತ್ರಿಗೆ ಏನ್ಮಾಡ್ತಾರೆ ಸಾರ್?" ಎಂದು ಕೇಳಿದಳು.

"ಪೆನ್‌ಡ್ರೈವ್ ಹಾಕ್ತಾರಂತೆ. ಸ್ಪೀಕರಿನಲ್ಲಿ ಯಾರದೋ ಪ್ರವಚನ ಬರತ್ತಂತೆ."

"ಗಂಡಸ್ರ ದನೀನಾ, ಹೆಂಗಸ್ರ ದನೀನಾ?"

ನನಗೆ ಗೊತ್ತಿರಲಿಲ್ಲ. ನಾನು ಕೇಳಿರಲಿಲ್ಲ. ಅವಳು ನಕ್ಕಳು. ತಂದೆಯದೇ ನಗು, ಅವಳದರಲ್ಲಿ ದನಿಯಿತ್ತು.

"ಹೋಗ್ಲಿ ಬಿಡಿ. ಇಲ್ಲಿ ಎಲ್ಲಿಡ್ಲಿ ಸಾರ್ ಅದನ್ನ? ನನಗೆ ಎರಡು ಮಂಡೀನೂ ಹೋಗಿವೆ. ನೆಲಕ್ಕೆ ಕೂತ್ರೆ ಏಳಕ್ಕಾಗಲ್ಲ. ಪೂಜೇನೂ ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತೇ ಮಾಡ್ತೀನಿ."

ಅಷ್ಟಕ್ಕೇ ನಿಲ್ಲಿಸಬೇಕಿತ್ತು. ನಿಲ್ಲಿಸಲಾಗಲಿಲ್ಲ. ನಲವತ್ತು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದನ್ನು ಹೇಳಿಬಿಡಬೇಕೆನಿಸಿತು. "ಅವತ್ತು ನಾನು ಓದಿದ ಕಾಗದದಲ್ಲಿ ಒಂದು ವಚನ ಬಿಟ್ಟಿದ್ದೆನಮ್ಮ. ನಿನ್ನ ಪರವಾದದ್ದು" ಎಂದೆ.

"ಗೊತ್ತು ಸಾರ್. ಒಂಬತ್ತನೇ ಕ್ಲಾಸಲ್ಲಿ ನೀವೇ ಪಾಠ ಮಾಡಿದ್ರಿ. ನನಗೆ ಬಾಯಿಪಾಠ ಇತ್ತು" ಎಂದಳು. "ಅವತ್ತು ನಡುಮನೇಲಿ ನಾನೇ ಹೇಳಬಹುದಿತ್ತು. ನಿಮ್ಮ ಬಾಯಿಂದ ಬರಲಿ ಅಂತ ಕಾದೆ."

ಮತ್ತೆ, ಬಹಳ ಸಹಜವಾಗಿ, ಔಷಧಿ ಸರಿಯಾಗಿ ತೆಗೆದುಕೊಳ್ಳಿ ಸಾರ್ ಎಂದು ಹೇಳಿ ಫೋನಿಟ್ಟಳು.

ಪೀಠ ಈಗ ನಮ್ಮ ದೇವರ ಕೋಣೆಯ ಹೊರಗೆ ಗೋಡೆಗೆ ತಾಗಿ ಕುಳಿತಿದೆ. ಮಳೆಗೆ ಉಬ್ಬಿದ ಹಲಗೆ ಒಣಗಿ ಒಂದು ಕಡೆ ಸೀಳಿದೆ. ಸೊಸೆ ಅದರ ಮೇಲೆ ಹೂಬುಟ್ಟಿ ಇಡಲು ಹೋದಾಗ ಬೇಡವೆಂದೆ. ಅವಳು ಏಕೆಂದು ಕೇಳಿದಳು. ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ದತ್ತುಮಗನ ಪರವಾದ ವಚನವನ್ನೂ ಮಗಳ ಪರವಾದ ವಚನವನ್ನೂ, ಯಾವುದನ್ನೂ ಬಿಡದೆ, ಪೂರ್ವಪಕ್ಷದಿಂದ ಮೊದಲಾಗಿ. ಸೊಸೆ ಗಮನವಿಟ್ಟು ಕೇಳಿ, ಹೂಬುಟ್ಟಿಯನ್ನೆತ್ತಿಕೊಂಡು ಒಳಗೆ ಹೋದಳು. ಬಜೆಯ ವಾಸನೆ ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದೆ.